ಬೆಚ್ಚಗಿನ ಸೀಟು

ಜನವರಿ ೧೨, ಮಂಗಳವಾರ

ಬೆಳಿಗ್ಗೆ ಮತ್ತೆ ಮಗಳ ಕೈಲಿ ಬೈಸಿಕೊಂಡೆ. ಅವಳು ಓಡಿಸುವ ಟ್ಯಾಕ್ಸಿಯಲ್ಲಿ ಕೂತು ಎಂಜಿನ್ ಬಿಸಿ ಮಾಡುತ್ತಿದ್ದೆ. "ಈಗಿನ ಗಾಡಿಗೆ ಇದೆಲ್ಲ ಬೇಡಪ್ಪಾ, ಪೆಟ್ರೋಲ್ ದಂಡ. ಇಳಿ ಮೊದ್ಲು!"

ಗೊತ್ತು. ಗಾಡಿಗಲ್ಲ ಅದು.

ಯುದ್ಧದ ಕಾಲದಲ್ಲಿ, ವಿಮಾನವಾಹಕ ಹಡಗಿನ ಮೇಲೆ, ಬೆಳಗಿನ ಚಳಿಯಲ್ಲಿ ವಿಮಾನದ ಎಂಜಿನ್ ಬಿಸಿ ಮಾಡಿಟ್ಟು, ಮೆಕ್ಯಾನಿಕ್ ಆಗಿದ್ದ ನಾನು ಇಳಿದರೆ ಉದ್ದಣ್ಣ ಹತ್ತುತ್ತಿದ್ದ. ಮಂಡಿ ಗದ್ದಕ್ಕೆ ತಾಗುವಂತೆ ಮುದುಡಿ ಕೂರುವ ಪೈಲಟ್. "ಸೀಟು ಬೆಚ್ಚಗಿದೆ ಕಣಯ್ಯಾ, ಇಲ್ಲೇ ಮಲಗಿಬಿಡ್ಲಾ?" ಎನ್ನುತ್ತಿದ್ದ, ದಿನಾ ಅದೇ ಮಾತು.

ಅವನು ವಾಪಸು ಬಂದ ಮೇಲೆ ಹುಡುಗರು ವಿಮಾನವನ್ನು ಪಕ್ಕಕ್ಕೆ ತಳ್ಳುವಾಗ ಬ್ರೇಕ್ ಹಿಡಿಯಲು ನಾನು ಒಳಗೆ ಕೂರಬೇಕಿತ್ತು. ಆಗ ಸೀಟು ಅವನ ಮೈಬಿಸಿಗೆ ಬೆಚ್ಚಗಿರುತ್ತಿತ್ತು. ಆ ಬಿಸಿ ತಾಗಿದ ಮೇಲೆಯೇ ನನಗೆ ಹಸಿವಾಗುತ್ತಿದ್ದುದು.

ಒಂದು ಸಂಜೆ ತಳ್ಳುವುದಕ್ಕೆ ವಿಮಾನವೇ ಇರಲಿಲ್ಲ.

ಇವತ್ತು ಮಗಳು ಬಂದಾಗ ಕತ್ತಲಾಗಿತ್ತು. ಗಾಡಿ ಸೊಟ್ಟಗೆ ನಿಲ್ಲಿಸಿದ್ದೀಯೆಂದು ನೆಪ ತೆಗೆದು ಕೀ ಇಸಿದುಕೊಂಡೆ. "ನೆಟ್ಟಗೇ ಇದ್ಯಲ್ಲಪ್ಪಾ!" ಎಂದಳು. ಹೋಗಿ ಕೂತೆ. ಸೀಟು ಬೆಚ್ಚಗಿತ್ತು. ಗಾಡಿಯನ್ನು ಕದಲಿಸಲೂ ಇಲ್ಲ. ಒಳಗೆ ಬಂದು, ಎರಡೆರಡು ಸಲ ಬಡಿಸಿಕೊಂಡು ಉಂಡೆ.