ಸೀರೆ ಗಾರ್ಡ್ ಇಲ್ಲದ ಗಾಡಿ

ಜೂನ್ 2, 2026

ಕೀ ಇವತ್ತು ಅಕ್ಕಿ ಡಬ್ಬಿಯಲ್ಲಿ. ನಿನ್ನೆ ದೇವರ ಗೂಡಿನ ಹಿಂದೆ ಇಟ್ಟಿದ್ದೆ, ಇವರು ಅಲ್ಲೂ ಕೈ ಹಾಕಿದರು. ಮರೆವಿನ ಕಾಯಿಲೆ ಅಂತ ಡಾಕ್ಟರ್ ಹೇಳಿ ವರ್ಷವಾಯಿತು. ತಿಂಡಿ ತಿಂದದ್ದು ಮರೆಯುತ್ತಾರೆ, ಬೈಕಿನ ಕೀ ಹುಡುಕುವುದನ್ನು ಮಾತ್ರ ಮರೆಯುವುದಿಲ್ಲ. ಎಂಥ ಮರೆವೋ!

"ಜಯಾ, ಕೀ ಎಲ್ಲಿ? ನಿಂಗೆ ಸ್ಕೂಲಿಗೆ ಹೊತ್ತಾಯ್ತು."

ನಾನು ರಿಟೈರ್ ಆಗಿ ಎಷ್ಟು ವರ್ಷವಾಯಿತೋ. "ಇವತ್ತು ಲೀವ್ ರೀ" ಅಂದೆ. ದಿನಾ ಲೀವ್.

ಕಳೆದ ತಿಂಗಳು ಕೀ ಸಿಕ್ಕಿ ಹೊರಟೇಬಿಟ್ಟಿದ್ದರು. ಕೋಡಂಬಾಕ್ಕಂ ಬ್ರಿಡ್ಜ್ ಮೇಲೆ, ಎದುರು ಬರುವ ಬಸ್ಸುಗಳ ನಡುವೆ ಗಾಡಿ ನಿಲ್ಲಿಸಿಕೊಂಡು, ಯಾವ ಕಡೆ ಮನೆ ಅಂತ ತಿಳಿಯದೆ... ಟ್ರಾಫಿಕ್ ಪೊಲೀಸ್ ಫೋನ್ ಮಾಡಿದ. ಇನ್ನೊಂದು ಸಲ ಹಾಗಾದರೆ ಮನೆಗೆ ಬರುವುದು ಹೆಣವೇ. ಬರೆದೇಬಿಟ್ಟೆ. ಇರಲಿ. ಗಾಡಿ ಹೋಗಬೇಕು.

ಜೂನ್ 5

ಏಳುಮಲೈ ಬಂದಿದ್ದ. ಹಳೇ ಬೈಕ್ ಮಾರಿಸುವ ಬ್ರೋಕರ್. ಮಗಳು ಪ್ರಣಮ್ಯಾ ಗೊತ್ತು ಮಾಡಿದ್ದು. ಹೆಣ್ಣು ನೋಡಲು ಬಂದವರ ಹಾಗೆ ಗಾಡಿಯನ್ನು ಸುತ್ತು ಹಾಕಿದ. ಟ್ಯಾಂಕ್ ತಟ್ಟಿದ, ಚೈನ್ ಎಳೆದ, ಮೂಗು ಮುರಿದ.

"ಇಂಜಿನ್ ನಲ್ಲಾ ಇರುಕ್ಕು ಮಾಮಿ. ಆನಾ ವಯಸಾಚ್ಚು."

ಇಂಜಿನ್ ಚೆನ್ನಾಗಿದೆಯಂತೆ, ಆದರೆ ವಯಸ್ಸಾಯಿತಂತೆ. ಈ ಮನೆಯಲ್ಲಿ ಯಾರಿಗೆ ಆಗಿಲ್ಲಪ್ಪಾ!

ಹದಿನೈದು ವರ್ಷದ ಆರ್‌ಸಿ ಜುಲೈ ಹತ್ತಕ್ಕೆ ಮುಗಿಯುತ್ತದೆ. ಅದು ದಾಟಿದರೆ ಗುಜರಿ ರೇಟೇ ಅಂದ. ಹೊಸ ಗಾಡಿ ಷೋರೂಮ್ ಗೇಟು ದಾಟಿದ ಕೂಡಲೇ ಬೆಲೆ ಇಳಿಯೋಕೆ ಶುರು, ಅಂತಲೂ ಅಂದ. ಗಾಡಿ ಕೊಂಡ ದಿನ ಗೇಟು ದಾಟಿ ನಾವಿಬ್ಬರೂ ನೇರ ಎಣ್ಣೂರಿಗೆ ಹೋಗಿದ್ದೆವು, ಇವರ ಆಫೀಸಿನಲ್ಲಿ ಸ್ವೀಟ್ ಹಂಚಲು. ದಾರಿಯುದ್ದಕ್ಕೂ ಇವರು ಹಾರ್ನ್ ಹೊಡೆದದ್ದೇ ಹೊಡೆದದ್ದು. ಏನೂ ಇಳಿದ ಹಾಗೆ ಅನ್ನಿಸಲಿಲ್ಲ ನನಗೆ.

ಪೇಂಟ್ ಮಾಡಿಸಬೇಕಂತೆ. ಸೀಟ್ ಬದಲಾಯಿಸಬೇಕಂತೆ. ಸೀರೆ ಗಾರ್ಡ್ ಕೀಳಬೇಕಂತೆ — ಹಿಂದಿನ ಚಕ್ರದ ಪಕ್ಕ ಅದಿದ್ದರೆ ಹುಡುಗರು 'ಅಂಕಲ್ ವಂಡಿ', ವಯಸ್ಸಾದವರ ಗಾಡಿ, ಅಂತ ಮುಟ್ಟುವುದಿಲ್ಲವಂತೆ.

ಮಾಡಪ್ಪಾ ಅಂದೆ.

ಜೂನ್ 13

ಗಾಡಿ ವಾಪಸ್ ಬಂತು. ಮಿರಮಿರ ಮಿಂಚುತ್ತಿದೆ, ಮದುಮಗನ ಷೂ ಹಾಗೆ. ಮಳೆನೀರಿನಲ್ಲಿ ಇಬ್ಬರೂ ಬಿದ್ದಾಗ ಟ್ಯಾಂಕಿಗೆ ಆಗಿದ್ದ ತಗ್ಗು ಇಲ್ಲ. ಮಂತ್ರಾಲಯದಲ್ಲಿ ಅಂಟಿಸಿದ ರಾಯರ ಸ್ಟಿಕ್ಕರ್ ಇಲ್ಲ. ವರ್ಷವರ್ಷದ ಆಯುಧಪೂಜೆಯ ಅರಿಸಿನ ಕುಂಕುಮ ಸಂದಿಗಳಲ್ಲಿ ಕೂತಿತ್ತು, ಅದೂ ಇಲ್ಲ. ಸೀರೆ ಗಾರ್ಡಿನ ಜೊತೆ ನಾನು ಕಾಲಿಡುವ ಪಟ್ಟಿಯನ್ನೂ ಕಿತ್ತಿದ್ದಾನೆ.

ಇವರು ಹೊರಗೆ ಬಂದರು.

"ಯಾರು ಬಂದಿದಾರೆ ಮನೆಗೆ?"

"ಯಾರೂ ಇಲ್ಲ ರೀ. ನಿಮ್ಮ ಗಾಡೀನೇ ಇದು."

"ನಂದಲ್ಲ." ಒಳಗೆ ಹೋಗಿ ಪೇಪರ್ ಹಿಡಿದು ಕೂತರು.

ಕೀ ಮೇಜಿನ ಮೇಲೇ ಬಿದ್ದಿತ್ತು. ಕಣ್ಣೆತ್ತಿ ನೋಡಲಿಲ್ಲ! ಅಬ್ಬಾ, ಎಷ್ಟು ಹಗುರವಾಯಿತು ಜೀವ. ಮೊದಲೇ ಹೊಳೆಯಲಿಲ್ಲವಲ್ಲ ಈ ಉಪಾಯ. ಖುಷಿಗೆ ಶ್ಯಾವಿಗೆ ಪಾಯಸ ಮಾಡಿದೆ.

ಜೂನ್ 16

ಪಾಯಸ ಮಾಡಿದವಳ ಬುದ್ಧಿಗೆ ಬೆಂಕಿ ಹಾಕ. ಈಗ ಕೀ ಹುಡುಕುವುದಿಲ್ಲ, ಗಾಡಿ ಹುಡುಕುತ್ತಾರೆ.

ತರಕಾರಿಯವನಿಗೆ ಚಿಲ್ಲರೆ ಕೊಟ್ಟು ತಿರುಗುವಷ್ಟರಲ್ಲಿ ಮನುಷ್ಯ ಇಲ್ಲ. ಪುರಸೈವಾಕ್ಕಂ ಹೈರೋಡಿನ ಜವಳಿ ಅಂಗಡಿ ಮುಂದೆ ಸಿಕ್ಕರು. ಸಾಲಾಗಿ ನಿಂತ ಬೈಕುಗಳ ಟ್ಯಾಂಕುಗಳನ್ನು ಒಂದೊಂದಾಗಿ ತಡವಿಕೊಂಡು ಬರುತ್ತಿದ್ದರು. ತಗ್ಗು ಹುಡುಕುತ್ತಿದ್ದರು ಅಂತ ಆಮೇಲೆ ತಿಳಿಯಿತು. ವಾಚ್‌ಮನ್ ಕಳ್ಳ ಅಂದುಕೊಂಡು ರಟ್ಟೆ ಹಿಡಿದಿದ್ದ. ಆಫೀಸ್ ಸ್ಟೋರ್ಸ್ ಪೂರ್ತಿ ಕೈಯಲ್ಲಿದ್ದರೂ ಒಂದು ಬೋಲ್ಟು ಮನೆಗೆ ತಂದವರಲ್ಲ ಇವರು. ರಸ್ತೆಯಲ್ಲೇ ಅತ್ತೆ. ನಾಚಿಕೆಯೂ ಆಗಲಿಲ್ಲ.

ಜೂನ್ 27

ತೊಗೊಳ್ಳುವವರು ಸಿಕ್ಕಿದ್ದಾರೆ. ಓನರ್ ಸೈನ್ ಬೇಕು. ಪ್ರಣಮ್ಯಾ ಬಂದು ಮಾರಾಟದ ಪೇಪರ್, ಪೆನ್ ಕೈಗಿಟ್ಟಳು. ಇವರು ಪೇಪರ್ ಓದಿದರು, ಗಾಡಿ ಕಡೆ ನೋಡಿದರು, ಪೆನ್ ಕೆಳಗಿಟ್ಟರು.

"ಯಾರದೋ ಗಾಡಿ ಮಾರೋಕೆ ನಾನ್ಯಾಕೆ ಸೈನ್ ಹಾಕ್ಲಿ? ಕಳ್ಳತನ ಅಲ್ವಾ ಅದು?"

"ಅಪ್ಪಾ, ಇದು ಉಂಗ ವಂಡಿದಾನ್ ಪಾ. ಪ್ಲೀಸ್." ನಿಮ್ಮದೇ ಗಾಡಿ ಅಂತ ಅಂದಳು. ಇವಳು ಚಿಕ್ಕಂದಿನಿಂದ ಹೀಗೆಯೇ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ.

"ನಮ್ಮ ಗಾಡೀಲಿ ಸೀರೆ ಗಾರ್ಡ್ ಇದೆಯಮ್ಮ. ಇದರಲ್ಲಿ ಜಯಾ ಹೇಗೆ ಕೂತ್ಕೋತಾಳೆ?"

ನಾನು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಜೂನ್ 29

ಸೀರೆ ಗಾರ್ಡ್ ವಾಪಸ್ ಕೊಡು ಅಂತ ಏಳುಮಲೈಗೆ ಫೋನ್ ಮಾಡಿದೆ. ಆವತ್ತೇ ಗುಜರಿಗೆ ತೂಕಕ್ಕೆ ಹಾಕಿದನಂತೆ. ಅದಕ್ಕೆಲ್ಲ ಯಾವ ಬೆಲೆ ಅಂತ ಕೇಳಿದ, ತಮಿಳಿನಲ್ಲೇ. ಚೆನ್ನಾಗಿ ಬೈದೆ ಪಾಪದವನನ್ನು.

ಜುಲೈ 8, ಸಂಜೆ

ಬರೆಯಬಾರದು ಅಂದುಕೊಂಡಿದ್ದೆ. ಆದರೂ ಬರೆಯುತ್ತೇನೆ.

ಇವರು ಗಾಡಿಯ ಮೇಲೆ ಕೂತಿದ್ದರು, ಬರೀ ಕಲ್ಲುಬೆಂಚಿನ ಮೇಲೆ ಕೂತ ಹಾಗೆ. ಗಾಡಿ ಸೆಂಟರ್ ಸ್ಟ್ಯಾಂಡಿನಲ್ಲಿತ್ತು. ಅದೇನು ತೋಚಿತೋ, ಹೋಗಿ ಹಿಂದೆ ಹತ್ತಿ ಕೂತೆ, ಒಂದೇ ಪಕ್ಕಕ್ಕೆ. ಪಟ್ಟಿಯಿಲ್ಲದೆ ಕಾಲು ನೇತಾಡಿತು. ಅಭ್ಯಾಸಬಲ — ಹೆಗಲಿಗೆ ಎರಡು ಸಲ ತಟ್ಟಿದೆ. ನಾನು ಸರಿಯಾಗಿ ಕೂತೆ, ಹೊರಡಿ, ಅಂತ ಅದರ ಅರ್ಥ. ಬಾಯಲ್ಲಿ ಹೇಳಿದ್ದೇ ಇಲ್ಲ ನಾನು.

ಇವರ ಬೆನ್ನು ನೆಟ್ಟಗಾಯಿತು.

"ಸೆರಗು ಒಳಗೆ ಸಿಗಿಸ್ಕೊಂಡ್ಯಾ?"

"ಹ್ಞೂಂ."

"ಎಲ್ಲಿಗೆ ಹೋಗೋಣ ಜಯಾ?"

"ಎಣ್ಣೂರಿಗೆ."

ನಕ್ಕರು. ಎಷ್ಟು ದಿನವಾಗಿತ್ತು ಆ ನಗು ಕೇಳಿ. ಟ್ಯಾಂಕ್ ಸವರುತ್ತ "ಗಾಡಿ ಸಿಕ್ತಲ್ಲ ಸದ್ಯ" ಅಂದರು. ಬೆನ್ನಿಗೆ ಕೆನ್ನೆ ಇಟ್ಟು ಕೂತೆ. ಕಾಂಪೌಂಡಿನವರು ನೋಡಿದರೆ ನೋಡಲಿ. ಹೀಗೇ ಇರಬಾರದೇ ಅನ್ನಿಸಿತು.

ಆಮೇಲೆ ಕೈ ಹಿಂದಕ್ಕೆ ಚಾಚಿದರು. "ಕೀ ಕೊಡು."

ಬ್ರಿಡ್ಜ್, ಬಸ್ಸುಗಳು, ಎಲ್ಲ ಕಣ್ಣ ಮುಂದೆ ಬಂತು. ನಾಳೆಗೆ ಗಾಡಿಯ ಗುರುತು ಇರುತ್ತದೋ ಇಲ್ಲವೋ. ಇಳಿದು ಒಳಗೆ ಹೋಗಿ ಆ ಮಾರಾಟದ ಪೇಪರ್ ತಂದೆ.

"ಸರ್ವೀಸ್‌ಗೆ ಬಿಡಬೇಕು ರೀ. ಇಲ್ಲೊಂದು ಸೈನ್."

ಓದಲಿಲ್ಲ. ನಾನು ಕೊಟ್ಟದ್ದಲ್ಲವೇ. ಟ್ಯಾಂಕಿನ ಮೇಲೆ ಇಟ್ಟು ಸೈನ್ ಹಾಕಿದರು, ಆಫೀಸಿನಲ್ಲಿ ಹಾಕುತ್ತಿದ್ದ ಹಾಗೆ, ಕೆಳಗೆ ಗೆರೆ ಎಳೆದು.

ಜುಲೈ 9

ಬೆಳಿಗ್ಗೆಯೇ ಏಳುಮಲೈ ತೆಗೆದುಕೊಂಡು ಹೋದ. ಒಳ್ಳೆಯ ರೇಟೇ ಬಂತು. ದುಡ್ಡು ದೇವರ ಮುಂದಿದೆ, ಮುಟ್ಟಿಲ್ಲ.

ಇವರು ಮರೆತಿರಲಿಲ್ಲ. ಇವತ್ತೊಂದು ದಿನ ಮರೆಯಬಾರದಿತ್ತೇ! ಗೇಟಿನ ತನಕ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಬ್ರೇಕ್ ನೋಡಪ್ಪಾ, ಹಿಂದೆ ಹೆಂಗಸು ಕೂತ್ಕೋತಾಳೆ. ಸೀರೆ ಗಾರ್ಡ್ ಒಂದು ಹಾಕಿಬಿಡು. ಸಾಯಂಕಾಲ ಐದಕ್ಕೆ ಬೇಕು." ಅವನಿಗೆ ಕನ್ನಡ ಬಾರದು. "ಸರಿಂಗ ಸಾರ್" ಅಂದ.

ಸಂಜೆ

ಐದು ಆಗಿ ತುಂಬಾ ಹೊತ್ತಾಯಿತು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮಡಿಲಲ್ಲಿ ಎರಡು ಹೆಲ್ಮೆಟ್ — ನನ್ನದನ್ನು ಒರೆಸಿ ಇಟ್ಟಿದ್ದಾರೆ. ಕಾಫಿ ಆರಿತು. ಕರೆಯಬೇಕು ಒಳಗೆ. ಏನಂತ ಹೇಳಿ ಕರೆಯಲಿ?