ಹಿಂದಿನ ಚಕ್ರಗಳ ಕುಣಿತ

ಖಲಂದರ್,

ಇದನ್ನು ನಿನಗೆ ಕಳಿಸುವುದಿಲ್ಲ, ಆದರೂ ಹೇಳದೆ ಇರಲಾರೆ. ಸಯೀದ್ ಸಾಹೇಬರ ಹಳೆಯ ಅಮೆರಿಕನ್ ಕಾರು ಇವತ್ತು ಮತ್ತೆ ನಮ್ಮ ಸತ್ವಾ ಗ್ಯಾರೇಜಿಗೆ ಬಂದಿತ್ತು. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರಗಳು ಕುಣಿಯುವ ಅದೇ ರೋಗ. ಮೊದಲಾದರೆ ನಾನು ಓಡಿಸುತ್ತಿದ್ದೆ, ನೀನು ಮರಳಿಗೆ ಕೆನ್ನೆ ಹಚ್ಚಿ ಮಲಗಿ ಚಕ್ರವನ್ನೇ ನೋಡುತ್ತಿದ್ದೆ. ಈ ಸಲ ಮೊಬೈಲನ್ನು ಇಟ್ಟಿಗೆಗೆ ಒರಗಿಸಿಟ್ಟು ವಿಡಿಯೊ ಮಾಡಿದೆ.

ಅದರಲ್ಲಿ ನೋಡಿದರೆ, ಕಳೆದ ಸಲ ಇದೇ ಕಾರು ಬಂದಾಗ ನೀನು ಹೇಳಿದ್ದೇ ಸರಿ. "ಟಯರ್ ಅಲ್ಲ ಮಾರಾಯ, ಸ್ಪ್ರಿಂಗ್ ಪ್ಲೇಟ್ ತಿರುಚ್ತಾ ಉಂಟು" ಅಂದಿದ್ದೆ. "ನೆಲದಲ್ಲಿ ಬಿದ್ದುಕೊಂಡವನಿಗೆ ಎಂತ ಗೊತ್ತು?" ಎಂದು ಸಾಹೇಬರ ಎದುರೇ ನಾನು ನಕ್ಕಿದ್ದೆ. ಮರುವಾರವೇ ನೀನು ಗ್ಯಾರೇಜ್ ಬಿಟ್ಟು ಅಲ್ ಕುಸೈಸ್‌ನ ಗೋದಾಮಿಗೆ ಕೆಲಸಕ್ಕೆ ಸೇರಿದೆ. ಎರಡು ವರ್ಷವಾಯಿತು.

ಹಿಂದಿನ ಚಕ್ರಗಳ ಭಾರ ಹೊರುವ ಆ ಪ್ಲೇಟ್ ತಿರುಚದಂತೆ ಎರಡೂ ಬದಿಗೆ ಕಬ್ಬಿಣದ ಬಾರ್ ಕೂರಿಸಿ, ಮತ್ತೆ ವಿಡಿಯೊ ಇಟ್ಟು ಓಡಿಸಿದೆ. ಚಕ್ರ ನೆಲ ಬಿಡಲಿಲ್ಲ. ಸಾಹೇಬರಿಗೆ ಆ ವಿಡಿಯೊ ತೋರಿಸಿದೆ. ಕೊನೆಯಲ್ಲಿ ಕಾರಿನೊಳಗಿಂದ ನನ್ನದೇ ಕೂಗು ಕೇಳಿಸಿತು: "ಖಲಂದರ್, ಈಗ ಹೇಗುಂಟು?"

ಕೂಗಿದ್ದು ನನಗೇ ನೆನಪಿರಲಿಲ್ಲ.

"ಖಲಂದರ್ ಕಿಧರ್?" ಎಂದು ಸಾಹೇಬರು ಸುತ್ತ ನೋಡಿದರು.

"ಅವನಿಗೆ ಇವತ್ತು ರಜೆ" ಎಂದುಬಿಟ್ಟೆ.