ಹೂ ಬಲಕ್ಕೆ ಬಿದ್ದ ಮೇಲೆ

ಪಾಲಹಳ್ಳಿ
೧೪-೯-೧೯೯೭

ಪ್ರೀತಿಯ ರಂಜಿತ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರಲಿಲ್ಲ. ಅದಕ್ಕೇ ನಿನ್ನ ಕಾಗದಗಳಿಗೆ ಉತ್ತರ ತಡವಾಯಿತು, ಬೇಸರಿಸಬೇಡ. ಅಪ್ಪು ಈಗ ಗೋಡೆ ಹಿಡಿದು ನಡೆಯುತ್ತಾನೆ. ಎಡಗಣ್ಣು ಮೂಗಿನ ಕಡೆ ವಾಲಿದೆ. ಆದರೂ ಹೊಸ ಕರುವಿಗೆ ತಾನೇ ಹೆಸರಿಡಬೇಕೆಂದು ಹಟ ಹಿಡಿದು ‘ಡಾಕ್ಟರಮ್ಮ’ ಎಂದಿಟ್ಟಿದ್ದಾನೆ. ನಿನ್ನ ನೆನಪಿಗಂತೆ.

ತಿಮ್ಮೇಶಣ್ಣ ಮಾತ್ರ ನಿಮ್ಮ ಆಸ್ಪತ್ರೆಯ ಹೆಸರೆತ್ತಿದರೆ ಎದ್ದು ಹೋಗುತ್ತಾನೆ. ಗೌರಿ ಹಬ್ಬದ ನೆಪ ಹೇಳಿ ಮಗನನ್ನು ಚಿಕಿತ್ಸೆಯ ನಡುವೆಯೇ ಕರೆತಂದವನು ಅವನೇ. ಮಕ್ಕಳ ತಲೆಯೊಳಗಿನ ಗಡ್ಡೆಗೆ ಹೊಸ ಔಷಧಿ ಪರೀಕ್ಷಿಸುತ್ತಿದ್ದೇವೆ ಎಂದು ನೀನು ಹೇಳಿದಾಗ ಅವ್ವ ಮಾರಮ್ಮನ ಗುಡಿಯಲ್ಲಿ ಹೂ ಕೇಳಿದಳು. ಬಲಗಡೆಯ ಹೂ ಬಿತ್ತು. ದೇವಿ ಒಪ್ಪಿದ ಮೇಲೆ ಹೊಸ ಔಷಧಿ ನಮ್ಮದೇ ಎಂದು ಮನೆಯವರೆಲ್ಲ ಅಂದುಕೊಂಡರು. ವಿಕಿರಣ, ಅಂದರೆ ನಮ್ಮವರ ಬಾಯಲ್ಲಿ ಕರೆಂಟು, ಎಲ್ಲ ಮಕ್ಕಳಿಗೂ ಉಂಟು. ಹೊಸ ಔಷಧಿ ಅರ್ಧ ಮಕ್ಕಳಿಗೆ ಮಾತ್ರ, ಯಾರಿಗೆಂದು ಕಂಪ್ಯೂಟರು ಚೀಟಿ ಎತ್ತುತ್ತದೆ ಎಂದು ನಾನು ವಿವರಿಸಿದ್ದು ಯಾರ ಕಿವಿಗೂ ಬೀಳಲಿಲ್ಲ. ಅಪ್ಪುವಿಗೆ ಬರೀ ಕರೆಂಟು ಬಂತು. ಪಕ್ಕದ ಹಾಸಿಗೆಯ ಆಫೀಸರ ಮಗಳಿಗೆ ಹೊಸದು.

“ಗುಡೀಲಿ ಹೂ ಬೀಳೋದ ಊರೇ ನೋಡ್ತದೆ ಕಣವ್ವ. ಅವರು ಚೀಟಿ ಎತ್ತಿದ್ದ ಯಾರು ನೋಡವ್ರೆ? ನಮ್ ಮುಂದೆ ಎತ್ತಕ್ಕೆ ಏನಾಗಿತ್ತು ಧಾಡಿ?” ಎಂದ ಅಣ್ಣ.

ಅವ್ವ ಸೊಪ್ಪು ಬಿಡಿಸುತ್ತಲೇ, “ಅಮ್ಮ ಕೊಟ್ಲು ಕಣ್ಲಾ, ಮಧ್ಯದೋರು ಇಸ್ಕೊಂಬುಟ್ರು” ಎಂದಳು.

ನಾನು ಸಾಹಿತ್ಯ ಓದಿದವಳು, ಏನು ವಾದಿಸಲಿ? ಹೊಸ ಔಷಧಿಯಿಂದ ಗುಣವಾಗುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ, ಅದಕ್ಕೇ ಈ ಪರೀಕ್ಷೆ ಎಂಬ ನಿನ್ನ ಮಾತನ್ನೇ ಮತ್ತೆ ಮತ್ತೆ ಹೇಳಿದೆ. ಅರ್ಧಕ್ಕೆ ಬಿಟ್ಟರೆ ಗಡ್ಡೆ ನಮಗಾಗಿ ಕಾಯುವುದಿಲ್ಲ ಎಂದು ಬೇಡಿಕೊಂಡೆ. ಕೊನೆಗೆ ಅಣ್ಣ ಗುರುವಾರ ಮಗುವನ್ನು ಕರೆತರಲು ಒಪ್ಪಿದ್ದಾನೆ. “ನಿನ್ ಸ್ನೇಹಿತೆ ಸುಳ್ಳು ಹೇಳಕಿಲ್ಲ ಅಂತೀಯಲ್ಲ, ಅದಕ್ಕೆ ಬತ್ತೀನಿ” ಎಂದ.

ನಿಮ್ಮ ಸಂಶೋಧನೆ ಕೈಗೂಡಲಿ. ಯಾರ ಮಗುವಾದರೂ ಅದರಿಂದ ಉಳಿಯಲಿ.

ನಿನ್ನ
ಹೇಮಶ್ರೀ

ಮತ್ತೆ ಬರೆದದ್ದು: ಚೀಟಿ ಎತ್ತುವ ಹಿಂದಿನ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನ ಕೈ ಹಿಡಿದು, “ಬರೀ ವಿಕಿರಣದಿಂದಲೂ ಒಳ್ಳೇದಾಗುತ್ತೆ ಹೇಮ” ಎಂದೆ. ಸಮಾಧಾನಕ್ಕೆ ಹೇಳಿದೆಯಾ, ಇಲ್ಲಾ ಅಪ್ಪುವಿಗೆ ಯಾವುದು ಬರುತ್ತದೆಂದು ಅಂದೇ ನಿನಗೆ ಗೊತ್ತಿತ್ತಾ? ಅಣ್ಣನಿಗೆ ಇದನ್ನು ಹೇಳಿಲ್ಲ. ಹೇಳಿದರೆ ಅವನು ಅಪ್ಪುವನ್ನು ರೈಲು ಹತ್ತಿಸುವುದಿಲ್ಲ. ಉತ್ತರ ಬರೆಯಬೇಡ. ಗುರುವಾರ ನಾನೂ ಬರುತ್ತೇನೆ, ನನ್ನ ಮುಖ ನೋಡಿ ಹೇಳು.